ಮಗಳಿಗೊಂದು ಪತ್ರ: ಬೈಲಕುಪ್ಪೆಗೆ ಹೊರಡುವ ಮುನ್ನ

ಹಾಸನ

ಚಿ. ಮಗಳಿಗೆ ಅಪ್ಪನ ಆಶೀರ್ವಾದಗಳು.

ಬೈಲಕುಪ್ಪೆಯ ಮಠದಲ್ಲಿ ಬಾಲಭಿಕ್ಷುಗಳಿಗೆ ಸಂಬಳವಿಲ್ಲದೆ ಇಂಗ್ಲಿಷ್ ಕಲಿಸಲು ಹೋಗುತ್ತೇನೆಂದು ನೀನು ಹೇಳಿದಾಗ ನಿನ್ನಮ್ಮ ಊಟ, ವಸತಿಯ ವಿಚಾರ ಕೇಳಿದಳು. ನನಗೆ ರಾತ್ರಿಯೆಲ್ಲ ಪಾಠದ್ದೇ ಯೋಚನೆಯಾಯಿತು. ಅರಕಲಗೂಡು, ಕೊಣನೂರಿನ ಮೇಲೆ ಕುಶಾಲನಗರ ತಲುಪಿ ಕಾವೇರಿ ದಾಟಿದರೆ ಬೈಲಕುಪ್ಪೆ, ಆದ್ದರಿಂದ ದಾರಿಯ ಚಿಂತೆ ನನಗಿಲ್ಲ.

1960ರ ಸುಮಾರಿಗೆ ಅಂದಿನ ಮೈಸೂರು ಸರ್ಕಾರ ಕೊಟ್ಟ ಕಾಡುಭೂಮಿಯನ್ನು ಹಸನು ಮಾಡಿ ಟಿಬೆಟ್ಟಿನ ನಿರಾಶ್ರಿತರು ಅಲ್ಲಿ ನೆಲೆ ನಿಂತರು. ಇಂದು ಅಲ್ಲಿನ ಮಠಗಳಿಗೆ ನೇಪಾಳ, ಲಡಾಖ್, ಅರುಣಾಚಲದ ಮಕ್ಕಳೂ ಬರುತ್ತಾರೆ. ಎಲ್ಲರ ಮನೆಮಾತು ಒಂದೇ ಎಂದುಕೊಳ್ಳಬೇಡ; ಆದರೆ ಮಠದಲ್ಲಿ ಎಲ್ಲರೂ ಓದುವುದು ಟಿಬೆಟನ್ ಲಿಪಿಯನ್ನೇ. ನಿನ್ನ ಪಾಠ ಅಲ್ಲಿಂದ ಆರಂಭವಾಗಲಿ.

ಆ ಲಿಪಿಯ ಮೂಲವೂ ಬ್ರಾಹ್ಮಿಯೇ. ಮೂವತ್ತು ವ್ಯಂಜನಗಳು, ನಮ್ಮಂತೆಯೇ ಕ, ಖ, ಗ ಎಂದು ಸಾಗಿ ಙಕ್ಕೆ ಬರುತ್ತವೆ. ಆ ಸಾಲಿನಲ್ಲಿ ನಮ್ಮ ಘಕಾರ ಅವರಲ್ಲಿಲ್ಲ. ನಾವು ಬಾಯಿಪಾಠ ಮಾಡಿ ಮರೆತ ಆ ಙ ಅವರ ಭಾಷೆಯಲ್ಲಿ 'ನಾನು' ಎಂಬ ಪದ! ವಾಕ್ಯದ ಕೊನೆಗೆ ಕ್ರಿಯಾಪದ ಬರುವುದೂ ನಮ್ಮಂತೆಯೇ. ಹುಡುಗನೊಬ್ಬ 'ಐ ಟೀ ಡ್ರಿಂಕ್' ಎಂದರೆ ಅದು ದಡ್ಡತನವಲ್ಲ, ಅವನ ಭಾಷೆಯ ನಡೆ. ಮೊದಲು ಅರ್ಥವನ್ನು ಒಪ್ಪಿಕೊಂಡು ಆಮೇಲೆ ಪದಗಳನ್ನು ಸ್ಥಾನಕ್ಕೆ ತಂದುಕೊಡು. ಬರೆದದ್ದನ್ನೆಲ್ಲ ಉಚ್ಚರಿಸುವ ನಮ್ಮ ಮಕ್ಕಳಿಗೆ 'ನೋ' (know) ಎಂಬುದರ ಮೊದಲಿಗೆ 'ಕೆ' ಏಕೆ ಬರೆಯಬೇಕೆಂಬುದು ದೊಡ್ಡ ಸಮಸ್ಯೆ. 'ಬ್ಲಮ' ಎಂದು ಬರೆದು 'ಲಾಮಾ' ಎಂದು ಓದುವ ಆ ಮಕ್ಕಳಿಗೆ ಅದು ಹೊಸದಲ್ಲ. ಹಲಗೆಯ ಮೇಲೆ ಅವರಿಂದಲೇ ಆ ಪದ ಬರೆಸಿ, ಪಕ್ಕದಲ್ಲಿ ನಿನ್ನ ಇಂಗ್ಲಿಷ್ ಪದ ಬರೆ.

ಇಂಗ್ಲಿಷಿನ 'ಎಫ್' ಧ್ವನಿ ಮಾತ್ರ ಅವರ ಭಾಷೆಯಲ್ಲಿಲ್ಲ. ಇದನ್ನು ಬರೆಯುವಾಗ ನನಗೆ ನೆನಪಾಗುವುದು ನಾನು ಮೇಷ್ಟ್ರಾದ ಮೊದಲ ವರ್ಷದ ತರಗತಿ. 'ಫೋರ್' (four) ಎನ್ನಲು ಹೋಗಿ 'ಪೋರ್' ಎಂದ ಹುಡುಗನನ್ನು ಉಳಿದವರು ಗೇಲಿ ಮಾಡಿದಾಗ ನಾನು ತಡೆಯಲಿಲ್ಲ. ಅವನು ಆ ವರ್ಷವಿಡೀ ಇಂಗ್ಲಿಷಿನಲ್ಲಿ ಬಾಯಿ ಬಿಡಲಿಲ್ಲ. ಕೆಳತುಟಿಗೆ ಮೇಲ್ಹಲ್ಲು ತಾಗಿಸಿ ಉಸಿರು ಬಿಡುವುದನ್ನು ತೋರಿಸಲು ನನಗೆ ಎರಡು ನಿಮಿಷ ಸಾಕಾಗಿತ್ತು. ನೀನು ಆ ಎರಡು ನಿಮಿಷ ಕೊಡು.

ಗಟ್ಟಿಯಾಗಿ ಪಠಿಸಿ ಕಂಠಸ್ಥ ಮಾಡುವುದು, ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆದು ವಾದ ಮಾಡುವುದು ಆ ಮಠಗಳ ಶಿಕ್ಷಣಕ್ರಮ. ವ್ಯಾಕರಣದ ಪುಸ್ತಕಕ್ಕಿಂತ ಮೊದಲು ಇಂಗ್ಲಿಷಿನ ಪ್ರಶ್ನೋತ್ತರಗಳನ್ನು ಅದೇ ಲಯದಲ್ಲಿ ಹೇಳಿಸು.

ಎರಡು ತಿಂಗಳೆಂದಿದ್ದೀಯೆ, ಸಾಧ್ಯವಾದರೆ ಆರು ತಿಂಗಳು ಇರು. ಬರುವವರೆಲ್ಲ 'ನಿನ್ನ ಹೆಸರೇನು' ಎಂಬಲ್ಲಿಂದಲೇ ಮತ್ತೆ ಆರಂಭಿಸಿದರೆ ಮಕ್ಕಳು ಮುಂದೆ ಹೋಗುವುದು ಹೇಗೆ? ಯಾರ ಪಾಠ ಎಲ್ಲಿಗೆ ನಿಂತಿದೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಹೊರಡುವಾಗ ನಿನ್ನ ನಂತರ ಬರುವವರಿಗಾಗಿ ಬಿಟ್ಟು ಬಾ.

ಮೊದಲ ತರಗತಿ ಮುಗಿದ ದಿನವೇ ನನಗೆ ಬರೆ. ಆ ಹುಡುಗರು 'ಫೋರ್' ಎನ್ನುವುದನ್ನು ಹೇಗೆ ಹೇಳಿದರೆಂದು ತಿಳಿಸುವುದನ್ನು ಮರೆಯಬೇಡ.

ಇಂತಿ,
ನಿನ್ನ ಅಪ್ಪ