ರಕ್ಷಣಾ ಮಂತ್ರಿಗಳೇ, ಟೆಂಡರಲ್ಲಿ ಚಿಪ್ ನಂಬರ್ ಬರೆಯೋದು ನಿಲ್ಲಿಸಿ

ಮಾನ್ಯ ರಕ್ಷಣಾ ಸಚಿವರಿಗೆ ನಮಸ್ಕಾರಗಳು.

ನಾನು ಪೀಣ್ಯದಲ್ಲಿ ಸಣ್ಣ ಯೂನಿಟ್ ಇಟ್ಕೊಂಡು ಸೇನೆಗೆ ಹೋಗೋ ಕಂಪ್ಯೂಟರ್ ಬೋರ್ಡ್ ಮಾಡ್ಕೊಡೋನು. ಆರ್ಡರ್ ಕೈತಪ್ಪುತ್ತೆ ಅಂತ ಇಷ್ಟು ವರ್ಷ ಸುಮ್ನಿದ್ದೆ, ಇನ್ನು ಆಗಲ್ಲ ಸರ್.

ನಿಮಗೆ ಗೊತ್ತಿರೋದೇ. ಮಾರ್ಕೆಟ್ಟಲ್ಲಿ ಸಿಗೋ ಪ್ರೊಸೆಸರನ್ನೇ ವಿಪಿಎಕ್ಸ್ ಅನ್ನೋ ಗಟ್ಟಿಮುಟ್ಟು ಮಾದರಿ ಬೋರ್ಡಿಗೆ ಹಾಕಿ, ಫ್ಯಾನ್ ಇಲ್ದೆ ಬಿಸಿಯೆಲ್ಲಾ ಅಲ್ಯೂಮಿನಿಯಂ ಫ್ರೇಮಿಂದ ಹೊರಗಿನ ಪೆಟ್ಟಿಗೆಗೆ ಹೋಗೋ ಹಾಗೆ ಮಾಡಿ, ವೆಡ್ಜ್‌ಲಾಕ್ ಅನ್ನೋ ಕ್ಲ್ಯಾಂಪಲ್ಲಿ ಬಿಗಿದು, ತೇವ ತಾಗದ ಹಾಗೆ ಕೋಟಿಂಗ್ ಕೊಟ್ಟು, ನಮ್ಮ ಸೇನೆಯ ಪರೀಕ್ಷೆ ನಿಯಮ ಜೆಎಸ್‌ಎಸ್ 55555 ಪ್ರಕಾರ ಚಳಿ ಬಿಸಿ ವೈಬ್ರೇಷನ್ ಎಲ್ಲಾ ಪಾಸಾದ್ರೆ ಅದು ಸೇನೆ ಗಾಡಿಯಲ್ಲೂ ಕೆಲಸ ಮಾಡುತ್ತೆ. ಮಿಲ್‌ಸ್ಪೆಕ್ ಅಂದ್ರೆ ಸೇನೆಗೇ ಅಂತ ಬರೆದ ನಿಯಮ ಹಿಡ್ಕೊಂಡು ಕೂರಬೇಡಿ, ಏನು ಕೆಲಸ ಆಗ್ಬೇಕೋ ಅದನ್ನ ಕೇಳಿ ಅಂತ ಅಮೆರಿಕದ ಡಿಫೆನ್ಸ್ ಸೆಕ್ರೆಟರಿ ವಿಲಿಯಂ ಪೆರ್ರಿ 1994ರಲ್ಲೇ ಆದೇಶ ಮಾಡಿದ್ರು. ನಮ್ಮಲ್ಲಿ ಇನ್ನೂ ಇದೇ ಚಿಪ್ ಬೇಕು ಅಂತ ಅದರ ಪಾರ್ಟ್ ನಂಬರ್ ಕೇಳ್ತಾರೆ.

ನಂಗಾಗಿದ್ದು ಕೇಳಿ. ಆಫೀಸಿನ ಹೆಸರು ಬೇಡ. ಆರ್ಡರ್ ಮಧ್ಯದಲ್ಲೇ ಚಿಪ್ ಕಂಪನಿ ಆ ಚಿಪ್ ತಯಾರಿಸೋದು ನಿಲ್ಲಿಸ್ತು. ಅದೇ ಕಂಪನಿದು, ಅದೇ ಜಾಗಕ್ಕೆ ಪಿನ್ನಿಗೆ ಪಿನ್ ಕೂರೋದು, ಮೈನಸ್ 40ರಿಂದ 85 ಡಿಗ್ರಿ ತಡೆಯೋ ಹೊಸ ಚಿಪ್ ಹಾಕಿ ರಿಪೋರ್ಟ್ ಸಮೇತ ಕೊಟ್ಟೆ. ಡ್ರಾಯಿಂಗಲ್ಲಿರೋ ನಂಬರೇ ಬೇಕು ಅಂದ್ರು. ಸರ್ ಅದು ಈಗ ಬರ್ತಾನೇ ಇಲ್ಲ ಅಂದ್ರೆ, ಬೆಂಗಳೂರಿನ ಬಿಡಿಭಾಗಗಳ ಮಾರ್ಕೆಟ್ ಎಸ್‌ಪಿ ರೋಡಲ್ಲಿ ಹುಡುಕಿ ಅಂದ್ರು! ಸೇನೆಗೆ ಹೋಗೋ ಬೋರ್ಡಿಗೆ ಎಸ್‌ಪಿ ರೋಡ್ ಚಿಪ್ಪಾ ಸರ್? ಬೇರೆ ದಾರಿ ಕಾಣದೆ ಬ್ರೋಕರ್ ಹತ್ರ ಮೂರುಪಟ್ಟು ಕೊಟ್ಟು ತರಿಸಿದೆ. ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಹಳೇ ಅಕ್ಷರ ಉಜ್ಜಿ ಮೇಲೆ ಹೊಸದು ಪ್ರಿಂಟ್ ಮಾಡಿದಾರೆ. ಅಷ್ಟೂ ಪಕ್ಕಕ್ಕಿಟ್ಟೆ, ಅದನ್ನ ಬೋರ್ಡಿಗೆ ಹಾಕೋಕೆ ಮನಸ್ಸು ಒಪ್ಪಲಿಲ್ಲ. ಅಷ್ಟರಲ್ಲಿ ತಡ ಆಯ್ತು ಅಂತ ಬಿಲ್ಲಲ್ಲಿ ಎಲ್‌ಡಿ ಅಂದ್ರೆ ದಂಡ ಕಟ್ ಮಾಡಿದ್ರು, ಬ್ಯಾಂಕಿನವ್ರು ಓವರ್‌ಡ್ರಾಫ್ಟ್ ಸಾಲ ಕಟ್ಟಿ ಅಂತ ದಿನಾ ಫೋನು, ಹುಡುಗರಿಗೆ ಸಂಬಳ ಕೊಡೋಕೆ ಸೈಟ್ ಮಾರ್ಬೇಕಾಯ್ತು. ತಪ್ಪು ಯಾರದು ಸರ್?

ನಕಲಿ ಚಿಪ್ ಸಣ್ಣ ವಿಷಯ ಅಲ್ಲ. 2012ರಲ್ಲಿ ಅಮೆರಿಕ ಸೆನೆಟ್ ಸಮಿತಿ ವರದಿಯಲ್ಲಿ ಅಲ್ಲಿನ ರಕ್ಷಣಾ ಸಪ್ಲೈನಲ್ಲೇ ನಕಲಿ ಅಂತ ಅನುಮಾನ ಬಂದ ಸುಮಾರು 1,800 ಕೇಸ್ ಬಂದಿದ್ವು. ಚಿಪ್ಪುಗಳು ಕೆಲವೇ ವರ್ಷಕ್ಕೆ ಮಾರ್ಕೆಟ್ಟಿಂದ ಹೋಗ್ತಾವೆ, ರೇಡಾರು ಟ್ಯಾಂಕು ಇಪ್ಪತ್ತು ಮೂವತ್ತು ವರ್ಷ ಇರುತ್ತೆ, ಇದು ಮೊದಲ ದಿನದಿಂದ್ಲೇ ಗೊತ್ತಿರೋ ಲೆಕ್ಕ ತಾನೇ?

ಟೆಂಡರಲ್ಲಿ ಚಿಪ್ ನಂಬರ್ ಬರೀಬೇಡಿ, ಬೇರೆ ಬೇರೆ ಕಂಪನಿ ಬೋರ್ಡೂ ಹೊಂದೋ ಮುಕ್ತ ಮಾನದಂಡ ಓಪನ್‌ವಿಪಿಎಕ್ಸ್ ಅಂತ ಬರೀರಿ, ಎಷ್ಟು ಸ್ಪೀಡ್ ಬೇಕು ಎಷ್ಟು ಚಳಿ ತಡೀಬೇಕು ಅದನ್ನ ಬರೀರಿ. ಚಿಪ್ ನಿಂತೋದ್ರೆ ಸಮನಾದದ್ದು ಹಾಕೋಕೆ ಬಿಡಿ, ಬದಲಾದಷ್ಟಕ್ಕೆ ಮಾತ್ರ ಮತ್ತೆ ಟೆಸ್ಟ್ ಮಾಡಿ. ಈ ಆದೇಶ ಬರವಣಿಗೆಯಲ್ಲಿ ಕೊಡಿ ಸರ್, ಫೋನಲ್ಲಿ ಹೇಳಿದ್ರೆ ಕೆಳಗಿನವ್ರು ಯಾರೂ ಸೈನ್ ಹಾಕಲ್ಲ.

ಇಂತಿ,
ಪೀಣ್ಯದ ಒಬ್ಬ ಸಣ್ಣ ಕೈಗಾರಿಕೆಯವನು