ಅರ್ಹತೆ ಇದ್ದೂ ವಿದ್ಯಾರ್ಥಿವೇತನ ಕೈತಪ್ಪುವುದೆಲ್ಲಿ?

ಸಂಪಾದಕರಿಗೆ,

ಮಾನ್ಯರೇ,

ಪದವಿ ಕಾಲೇಜುಗಳ ಪ್ರವೇಶ ಮುಗಿಯುತ್ತ ಬಂದಂತೆ ದಾವಣಗೆರೆ, ಚಿತ್ರದುರ್ಗದ ಸೈಬರ್ ಸೆಂಟರ್‌ಗಳಲ್ಲಿ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಗೆ ಅರ್ಜಿ ಹಾಕುವವರ ನೂಕುನುಗ್ಗಲು ಶುರುವಾಗುತ್ತದೆ. ವಿದ್ಯಾರ್ಥಿಗಳೂ ಪೋಷಕರೂ ಕೇಳುವ ಮೊದಲ ಪ್ರಶ್ನೆ, 'ನಮ್ಮ ಆದಾಯಕ್ಕೆ ಬರುತ್ತೋ ಇಲ್ವೋ?' ಪರಿಶಿಷ್ಟ ಜಾತಿ, ಪಂಗಡದವರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ವಾರ್ಷಿಕ 2.5 ಲಕ್ಷ ರೂಪಾಯಿ ಮಿತಿ. ಹಿಂದುಳಿದ ವರ್ಗಗಳಲ್ಲಿ ಪ್ರವರ್ಗಕ್ಕೆ ತಕ್ಕಂತೆ ಬೇರೆ ಬೇರೆ. ಈ ಮಿತಿಯೊಳಗೇ ಇದ್ದು, ಅರ್ಜಿಯನ್ನೂ ಹಾಕಿ, ಕೊನೆಗೆ ಹಣ ಕಾಣದವರ ಕಡತ ತೆಗೆದು ನೋಡಿದರೆ ಸಿಗುವ ಕಾರಣಗಳು ಸಣ್ಣವು, ಮೊದಲೇ ಸರಿಪಡಿಸಬಹುದಾದವು.

ಒಂದು, ಪ್ರಮಾಣಪತ್ರ. ಆದಾಯ ಪ್ರಮಾಣಪತ್ರದ ಆಯುಷ್ಯ ಐದು ವರ್ಷ. ಎಂಟನೇ ತರಗತಿಗೆ ಸೇರುವಾಗ ಮಾಡಿಸಿದ್ದು ಸರಿಯಾಗಿ ಪದವಿಯ ಮೊದಲ ವರ್ಷಕ್ಕೆ ಕಾಲಿಡುವ ಹೊತ್ತಿಗೆ ಮುಗಿದಿರುತ್ತದೆ. ಪಿಯುಸಿಯಲ್ಲಿ ಇದೇ ಪತ್ರಕ್ಕೆ ಹಣ ಬಂದಿತ್ತು ಎಂಬ ಧೈರ್ಯದಲ್ಲಿ ಯಾರೂ ದಿನಾಂಕ ನೋಡುವುದಿಲ್ಲ. ಹೊಸದಕ್ಕೆ ನಾಡಕಚೇರಿಗೆ ಹೋಗುವ ಹೊತ್ತಿಗೆ ಕೊನೆಯ ದಿನ ಹತ್ತಿರವಾಗಿರುತ್ತದೆ, ಗ್ರಾಮ ಆಡಳಿತ ಅಧಿಕಾರಿ ವರದಿ ಹಾಕುವವರೆಗೆ ಕಾಯಲೇಬೇಕು. ಪಿಯುಸಿ ಪರೀಕ್ಷೆ ಮುಗಿದ ವಾರವೇ ಈ ಕೆಲಸ ಹಚ್ಚಿಕೊಳ್ಳುವುದು ಜಾಣತನ. ಇನ್ನು ಪತ್ರದ ಮೇಲಿನ ಆರ್‌ಡಿ ಸಂಖ್ಯೆ: ಎರಡು ಅಕ್ಷರ, ಆಮೇಲೆ 13 ಅಂಕಿ. ಆ ಅಕ್ಷರಗಳ ಬೆನ್ನಿಗೇ ಬರುವ ಸೊನ್ನೆಗಳನ್ನು ಇಂಗ್ಲಿಷಿನ 'ಓ' ಅಕ್ಷರವಾಗಿ ಒತ್ತಿ, 'ಸರ್ವರ್ ಸರಿಯಿಲ್ಲ' ಎಂದು ಮಕ್ಕಳನ್ನು ವಾಪಸ್ ಕಳಿಸುವುದು ಪ್ರತಿ ವರ್ಷ ನಡೆಯುತ್ತದೆ.

ಎರಡು, ಹೆಸರು. ನಮ್ಮ ಕಡೆಯ ಹೆಸರುಗಳಿಗೆ ಇನಿಷಿಯಲ್ಲಿನ ಕಾಟ ತಪ್ಪಿದ್ದಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಮಂಜುನಾಥ ಟಿ.' ಎಂದಿದ್ದರೆ ಆಧಾರ್‌ನಲ್ಲಿ 'ತಿಪ್ಪೇಸ್ವಾಮಿ ಮಂಜುನಾಥ್' ಎಂದಿರುತ್ತದೆ. ಜಾತಿ ಪ್ರಮಾಣಪತ್ರದಲ್ಲಿ ಮೂರನೆಯ ರೂಪ. ಓದುವವರಿಗೆ ಒಬ್ಬನೇ ಹುಡುಗ, ಕಂಪ್ಯೂಟರಿಗೆ ಮೂವರು. ತಿದ್ದುವುದಾದರೆ ಅಂಕಪಟ್ಟಿಯನ್ನು ಆಧಾರವಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ ಇರುವುದರಿಂದ ಕೇಂದ್ರದವರು ಟೈಪು ಮಾಡಿದ್ದನ್ನು ಅಕ್ಷರ ಅಕ್ಷರ ಓದಿ ನೋಡದೆ ಒಪ್ಪಿಗೆ ಕೊಡಬಾರದು.

ಮೂರನೆಯದು ಬ್ಯಾಂಕು, ಮತ್ತು ನಮ್ಮ ಅನುಭವದಲ್ಲಿ ಅತಿ ಹೆಚ್ಚು ಮಕ್ಕಳು ಎಡವುವುದು ಇಲ್ಲಿಯೇ. 'ಖಾತೆಗೆ ಆಧಾರ್ ಕೊಟ್ಟಿದ್ದೀನಿ ಸಾರ್' ಎನ್ನುತ್ತಾರೆ. ಕೊಟ್ಟಿರುವುದು ಕೆವೈಸಿಗೆ, ಅಂದರೆ ಗುರುತಿನ ದಾಖಲೆಯಾಗಿ. ವಿದ್ಯಾರ್ಥಿವೇತನ ನೇರ ನಗದು ವರ್ಗಾವಣೆಯಲ್ಲಿ (ಡಿಬಿಟಿ) ಬರುವುದರಿಂದ, ಬ್ಯಾಂಕುಗಳ ನಡುವಿನ ಪಾವತಿ ವ್ಯವಸ್ಥೆ ನಡೆಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಆಧಾರ್ ಸಂಖ್ಯೆ ಆ ಬ್ಯಾಂಕಿಗೆ ಜೋಡಣೆಯಾಗಿರಬೇಕು. ಅದಕ್ಕೆ ಶಾಖೆಯಲ್ಲಿ ಬೇರೆಯದೇ ಒಪ್ಪಿಗೆ ಪತ್ರ ತುಂಬಬೇಕು. ಒಂದು ಆಧಾರ್‌ಗೆ ಒಂದು ಹೊತ್ತಿಗೆ ಒಂದೇ ಬ್ಯಾಂಕು, ಕೊನೆಗೆ ಜೋಡಿಸಿದ್ದಕ್ಕೇ ಹಣ. ಸಿಮ್ ಕೊಳ್ಳುವಾಗ ಅಂಗಡಿಯಲ್ಲಿ ಬೆರಳೊತ್ತಿ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆಗೆ ವೇತನ ಹೋಗಿ ಕೂತಿದ್ದು, ಅಂಥದ್ದೊಂದು ಖಾತೆ ಇದೆಯೆಂದೇ ಹುಡುಗಿಗೆ ಗೊತ್ತಿಲ್ಲದ ಪ್ರಕರಣಗಳಿವೆ. ಇನ್ನು ಹೈಸ್ಕೂಲಿನಲ್ಲಿ ತೆರೆದ ಜೀರೋ ಬ್ಯಾಲೆನ್ಸ್ ಖಾತೆ: ಖಾತೆದಾರರೇ ಮಾಡಿದ ವಹಿವಾಟು ಎರಡು ವರ್ಷ ಇಲ್ಲದಿದ್ದರೆ ಅದು ನಿಷ್ಕ್ರಿಯ. ನೂರು ರೂಪಾಯಿ ಹಾಕಿ ತೆಗೆಯುತ್ತಿದ್ದರೂ ಸಾಕಿತ್ತು.

ಪರೀಕ್ಷಿಸಿಕೊಳ್ಳುವುದು ಐದು ನಿಮಿಷದ ಕೆಲಸ. ಮೈ ಆಧಾರ್ ಜಾಲತಾಣಕ್ಕೆ ಮೊಬೈಲಿಗೆ ಬರುವ ಒಟಿಪಿ ಹಾಕಿ ಒಳಹೊಕ್ಕು 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಒತ್ತಿದರೆ ಯಾವ ಬ್ಯಾಂಕು, ಸಕ್ರಿಯವೋ ಅಲ್ಲವೋ ತೋರಿಸುತ್ತದೆ. ಹಣ ಬಿಡುಗಡೆಯಾಯಿತೇ ಎಂಬುದನ್ನು ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ನೋಡಬಹುದು. ಕಾಲೇಜಿನ ಗುಮಾಸ್ತರನ್ನು ದಿನಾ ಕೇಳಿ ಪ್ರಯೋಜನವಿಲ್ಲ, ಅವರ ಪರದೆಯಲ್ಲಿ ನಿಮ್ಮ ಖಾತೆ ಕಾಣುವುದಿಲ್ಲ.

ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್ ಎನ್‌ಎಸ್‌ಪಿಯಲ್ಲಿ ಕಾಲೇಜು, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆಂದೇ ಒಂದು ಯೋಜನೆ ಇದೆ. ಕುಟುಂಬದ ಆದಾಯ 4.5 ಲಕ್ಷದವರೆಗೆ ಇರಬಹುದು. ಪದವಿಯ ಮೂರು ವರ್ಷ ವರ್ಷಕ್ಕೆ 12,000, ಸ್ನಾತಕೋತ್ತರಕ್ಕೆ 20,000 ರೂಪಾಯಿ. ಇಲ್ಲಿ ಕೇಳುವುದು 80 ಪರ್ಸೆಂಟೈಲ್. ಅದನ್ನು ಶೇ 80 ಅಂಕ ಎಂದು ತಿಳಿದು ಅರ್ಜಿಯನ್ನೇ ಹಾಕದವರು ಬಹಳ. ಪರ್ಸೆಂಟೈಲ್ ಎಂದರೆ ಆ ಬೋರ್ಡಿನಲ್ಲಿ ನಿಮ್ಮ ವಿಭಾಗದವರನ್ನೆಲ್ಲ ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಮೇಲಿನ ಐದನೇ ಒಂದು ಭಾಗದಲ್ಲಿ ಇರಬೇಕು ಎಂದರ್ಥ. ಅದಕ್ಕೆ ಬೇಕಾದ ಅಂಕ ವಿಭಾಗದಿಂದ ವಿಭಾಗಕ್ಕೆ, ವರ್ಷದಿಂದ ವರ್ಷಕ್ಕೆ ಬೇರೆ. ರಾಜ್ಯದ ಇನ್ನೊಂದು ವೇತನವನ್ನೋ ಶುಲ್ಕ ವಿನಾಯಿತಿಯನ್ನೋ ಪಡೆಯುತ್ತಿರುವವರು ಇದನ್ನು ಪಡೆಯುವಂತಿಲ್ಲ, ದೂರಶಿಕ್ಷಣದವರಿಗೂ ಇಲ್ಲ. ಸಿಕ್ಕ ಮೇಲೆ ನವೀಕರಣಕ್ಕೆ ಪ್ರತಿ ವರ್ಷ ಶೇ 50 ಅಂಕ, ಶೇ 75 ಹಾಜರಿ ಬೇಕು.

ರೈತರ ಮಕ್ಕಳ ವಿಷಯದಲ್ಲಿ ತೊಡಕು ಇನ್ನೊಂದು ಬಗೆಯದು. 2021ರಲ್ಲಿ ಆರಂಭವಾದ ರಾಜ್ಯದ ರೈತ ವಿದ್ಯಾನಿಧಿ ವಿದ್ಯಾರ್ಥಿವೇತನಕ್ಕೆ ಪೋಷಕರ ಹೆಸರಿನಲ್ಲಿ ರೈತರ ನೋಂದಣಿ ತಂತ್ರಾಂಶವಾದ ಫ್ರೂಟ್ಸ್‌ನ ಸಂಖ್ಯೆ, ಅಂದರೆ ಎಫ್‌ಐಡಿ ಇರಬೇಕು. ಜಗಳೂರಿನ ಮೆಕ್ಕೆಜೋಳದ ಹೊಲವಿರಲಿ, ಚಳ್ಳಕೆರೆಯ ಶೇಂಗಾ ಹೊಲವಿರಲಿ, ಎಷ್ಟೋ ಪಹಣಿಗಳು ಇಂದಿಗೂ ತೀರಿಹೋದ ಅಜ್ಜನ ಹೆಸರಿನಲ್ಲಿವೆ. ಉಳುವವನು ಅಪ್ಪ, ದಾಖಲೆಯಲ್ಲಿ ಅವನು ರೈತನೇ ಅಲ್ಲ! ಪೌತಿ ಖಾತೆ ಮಾಡಿಸಿಕೊಂಡು, ಆ ಪಹಣಿ ಹಿಡಿದು ರೈತ ಸಂಪರ್ಕ ಕೇಂದ್ರದಲ್ಲಿ ನೋಂದಾಯಿಸಿದರೆ ಮಾತ್ರ ಮಗನಿಗೂ ಮಗಳಿಗೂ ದಾರಿ. ಅಣ್ಣತಮ್ಮಂದಿರ ಒಪ್ಪಿಗೆ ಬೇಕಾಗುವುದರಿಂದ ಇದು ಅರ್ಜಿಯ ತಿಂಗಳಲ್ಲಿ ಆಗುವ ಕೆಲಸವಲ್ಲ.

ಕಾಲೇಜುಗಳ ಪಾಲಿನ ಲೋಪವೂ ಇದೆ. ವ್ಯಾಸಂಗ ಪ್ರಮಾಣಪತ್ರದಂಥ ದಾಖಲೆಗಳನ್ನು ಕಾಲೇಜಿನ ಅಧಿಕಾರಿ ಇ-ದೃಢೀಕರಣ ಮಾಡಿ ಸಂಖ್ಯೆ ಕೊಡದಿದ್ದರೆ ಎಸ್‌ಎಸ್‌ಪಿ ಅರ್ಜಿ ಮುಂದೆ ಹೋಗುವುದಿಲ್ಲ. ಬಹಳ ಕಡೆ ಆ ಕೆಲಸ ಒಬ್ಬರ ಲಾಗಿನ್‌ನಲ್ಲಿದೆ. ಅವರು ಮೌಲ್ಯಮಾಪನಕ್ಕೋ ಚುನಾವಣೆ ಕೆಲಸಕ್ಕೋ ಹೋದರೆ ಇಡೀ ಕಾಲೇಜಿನ ಅರ್ಜಿಗಳು ಅಲ್ಲೇ ನಿಲ್ಲುತ್ತವೆ.

ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಎರಡೂ ಜಿಲ್ಲೆಗಳ ಪದವಿ ಕಾಲೇಜುಗಳು ಬರುವುದರಿಂದ ಒಂದು ಸುತ್ತೋಲೆ ಸಾಕು. ಪ್ರವೇಶದ ದಿನವೇ ವಿದ್ಯಾರ್ಥಿಯ ಅಂಕಪಟ್ಟಿ, ಆಧಾರ್, ಆರ್‌ಡಿ ಪತ್ರ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು, ದಿನಾಂಕ ನೋಡುವ ಒಂದು ಮೇಜು ಹಾಕಿಸಲಿ. ವಿಶ್ವವಿದ್ಯಾಲಯದ ಶಿವಗಂಗೋತ್ರಿ ಆವರಣದಲ್ಲೂ ಚಿತ್ರದುರ್ಗದ ಸ್ನಾತಕೋತ್ತರ ಕೇಂದ್ರದಲ್ಲೂ ಲೀಡ್ ಬ್ಯಾಂಕಿನವರು ಎರಡು ದಿನ ಆಧಾರ್ ಜೋಡಣೆ ಶಿಬಿರ ನಡೆಸಲಿ. ಇ-ದೃಢೀಕರಣಕ್ಕೆ ಪ್ರತಿ ಕಾಲೇಜಿನಲ್ಲಿ ಬದಲಿ ಅಧಿಕಾರಿ ಇರಲಿ. ಎನ್‌ಎಸ್‌ಪಿಯಲ್ಲಿ 'ಡಿಫೆಕ್ಟ್' ಎಂದು ವಾಪಸ್ ಬಂದ ಅರ್ಜಿಗಳ ಸಂಖ್ಯೆಯನ್ನು, ಹೆಸರಿಲ್ಲದೆ, ವಾರಕ್ಕೊಮ್ಮೆ ನೋಟಿಸ್ ಬೋರ್ಡಿಗೆ ಹಚ್ಚಲಿ. ತಿದ್ದಲು ಕೊಡುವ ದಿನಗಳು ಕೆಲವೇ, ಮತ್ತು ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಮಕ್ಕಳು ಪ್ರತಿದಿನ ಪೋರ್ಟಲ್ ತೆರೆದು ನೋಡುವುದಿಲ್ಲ.

– ಕಾಲೇಜು ಕಚೇರಿಯ ನಿವೃತ್ತ ನೌಕರರು, ದಾವಣಗೆರೆ