ಅದು ಕಹಿಯಲ್ಲ, ಒಗರು

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯ ಕೆಂಪು ವೈನ್ ಲೇಖನದಲ್ಲಿ ‘ಬೋಲ್ಡ್’ ಎಂಬುದನ್ನು ‘ದಿಟ್ಟ ವೈನ್’ ಎಂದೂ, ‘ಡ್ರೈ’ ಎಂಬುದನ್ನು ‘ಒಣ ವೈನ್’ ಎಂದೂ, ಟ್ಯಾನಿನ್ ಎಂದರೆ ‘ವೈನಿನ ಕಹಿ’ ಎಂದೂ ಬರೆದಿದ್ದೀರಿ. ದಿಟ್ಟ ವೈನನ್ನು ನಕ್ಕು ಬಿಡಬಹುದು. ಕಹಿಯನ್ನು ಬಿಡಲಾರೆ, ಚನ್ನಗಿರಿ ಸೀಮೆಯ ಅಡಿಕೆಯನ್ನು ಮೂವತ್ತು ವರ್ಷ ಕೊಂಡು ಮಾರಿದವನು ನಾನು.

ಅಡಕತ್ತರಿಯಲ್ಲಿ ಸೀಳಿದ ಹೋಳನ್ನು ಕಚ್ಚಿದೊಡನೆ ಒಸಡು ಬಿಗಿದು, ನಾಲಿಗೆಯ ಪಸೆ ಇಂಗಿದಂತಾಗುತ್ತದಲ್ಲ, ಅದು ಒಗರು. ಅಡಿಕೆಯಲ್ಲಿರುವ ಟ್ಯಾನಿನ್ ಎಂಬ ಅಂಶವು ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಅದರ ಜಾರುತನವನ್ನು ಕಳೆಯುವುದರಿಂದ ಹಾಗಾಗುತ್ತದೆ. ಅಡಿಕೆ ಬೇಯಿಸಿದ ಚೊಗರಿನಲ್ಲಿರುವುದೂ ಅದೇ ಗುಣ. ಕೆಂಪು ವೈನಿಗೆ ಅದು ಬರುವುದು ದ್ರಾಕ್ಷಿರಸವು ಸಿಪ್ಪೆ, ಬೀಜಗಳ ಜೊತೆಯಲ್ಲೇ ಹುದುಗುವಾಗ. ಷಡ್ರಸಗಳನ್ನು ಎಣಿಸುವಾಗ ಒಗರಿಗೂ ಒಂದು ಮಣೆ ಹಾಕಿದ ಭಾಷೆಯಲ್ಲಿ ಬರೆಯುತ್ತಾ ಕಹಿಯನ್ನು ಸಾಲ ತರಬೇಕೇ? (ವೈದ್ಯರ ಮಾತಿಗೆ ಅಡಿಕೆ ಜಗಿಯುವುದನ್ನು ಬಿಟ್ಟು ಒಂಬತ್ತು ವರ್ಷವಾಯಿತು. ನಾಲಿಗೆ ಮರೆತಿಲ್ಲ.)

ಕಳೆದ ಏಪ್ರಿಲಿನಲ್ಲಿ ಮಗಳು ನಂದಿ ಬೆಟ್ಟದ ತಪ್ಪಲಿನ ಕ್ಯಾಬರ್ನೆ-ಶಿರಾಜ್ ಎಂಬ ಕೆಂಪು ವೈನ್ ತಂದಿದ್ದಳು. ಕೋಣೆಯ ಉಷ್ಣಾಂಶದಲ್ಲಿ ಕುಡಿಯಬೇಕೆಂದು ನಿಮ್ಮ ಲೇಖಕರು ಹೇಳುತ್ತಾರೆ. ನಾವೂ ಅಂದು ಹಾಗೆಯೇ ನಂಬಿದ್ದೆವು. ಆ ಕೋಣೆ ಯುರೋಪಿನ ಚಳಿಯ ಮನೆಗಳದ್ದು. ದಾವಣಗೆರೆಯ ನಮ್ಮ ಪಡಸಾಲೆಯಲ್ಲಿ ಆ ಸಂಜೆ 34 ಡಿಗ್ರಿ. ಗ್ಲಾಸಿಗೆ ಮೂಗು ಒಡ್ಡಿದರೆ ಸ್ಪಿರಿಟ್ ಘಾಟೇ ಮುಂದಾಯಿತು. ಫ್ರಿಜ್‌ನಲ್ಲಿಟ್ಟು, 17 ಡಿಗ್ರಿಯ ಆಸುಪಾಸಿಗೆ ಇಳಿಸಿ ಮತ್ತೆ ಸುರಿದಾಗ ನೇರಳೆ ಹಣ್ಣು, ಅದರ ಹಿಂದೆಯೇ ಕಾಳುಮೆಣಸು. ಒಗರನ್ನು ಅಳೆಯಬೇಕಾದದ್ದು ನುಂಗಿದ ಮೇಲೆ. ಬಲಿಯದ ದ್ರಾಕ್ಷಿಯದ್ದಾದರೆ ಎಳೆ ಅಡಿಕೆಯ ಹಾಗೆ ಒಸಡನ್ನು ಹಿಡಿದುಕೊಂಡು ಕೂರುತ್ತದೆ. ಇದು ನವಿರಾಗಿ ಹರಡಿ ಮೆಲ್ಲಗೆ ಸರಿಯಿತು, ಬಾಯಲ್ಲಿ ನೇರಳೆ ಉಳಿಯಿತು. ನನ್ನ ಮಟ್ಟಿಗೆ ಒಳ್ಳೆಯ ಮಾಲು.

ಬೆಂಗಳೂರು ನೀಲಿ ದ್ರಾಕ್ಷಿಯ ಸಿಹಿ ವೈನ್ ರೂಢಿಯಿದ್ದ ಗೆಳೆಯರೊಬ್ಬರು ಒಂದೇ ಗುಟುಕಿಗೆ ‘ಕೆಟ್ಟುಹೋಗಿದೆ’ ಎಂದರು. ಕೆಟ್ಟಿರಲಿಲ್ಲ, ಯೀಸ್ಟ್ ಸಕ್ಕರೆಯನ್ನು ತಿಂದು ಮುಗಿಸಿತ್ತು. ನಿಮ್ಮ ‘ಒಣ’ ಎಂದರೆ ಇಷ್ಟೇ, ಸಿಹಿ ಉಳಿಯದ ವೈನ್. ಮಂಡಕ್ಕಿ-ಮಿರ್ಚಿ ತರಿಸಿದ್ದು ಮಾತ್ರ ನನ್ನ ತಪ್ಪು. ಖಾರಕ್ಕೆ ಮದ್ಯಸಾರ ಸೇರಿ ಬಾಯಿ ಧಗಧಗ ಉರಿಯಿತು. ಬೆಣ್ಣೆ ದೋಸೆ ಹೊಂದಿತು. ಮನೆಯಾಕೆ ಆ ಗ್ಲಾಸುಗಳನ್ನು ಕಾಫಿ ಲೋಟಗಳ ಸಾಲಿಗೆ ಇಂದಿಗೂ ಸೇರಿಸಿಲ್ಲ.

ಮುಂದಿನ ವಾರ ಬಿಳಿ ವೈನ್ ಸರದಿಯಂತೆ. ಅದರಲ್ಲಿ ಸಿಪ್ಪೆಯನ್ನು ಮೊದಲೇ ಬೇರ್ಪಡಿಸುವುದರಿಂದ ಒಗರಿನ ತಂಟೆ ಕಡಿಮೆ. ಹುಳಿಯನ್ನಾದರೂ ಹುಳಿಯೆಂದೇ ಬರೆಸಿ.

– ನಿವೃತ್ತ ಅಡಿಕೆ ವ್ಯಾಪಾರಿ, ದಾವಣಗೆರೆ